‘ಅವ್ವ’ ಅನ್ನಿಸುವ ವಿದ್ಯೆ

ಹೊಳೆಯ ದಂಡೆಯ ಮೇಲೊಂದು ಮಠ. ಮಠಕ್ಕೊಂದು ಶಾಲೆ. ಬೇರೆ ಶಾಲೆಯವರು ‘ಇದು ನಮ್ಮ ಕೈಲಾಗದ ಕೂಸು’ ಎಂದು ಕೈಮುಗಿದು ಕಳಿಸಿದ ಮಕ್ಕಳೆಲ್ಲ ಅಲ್ಲಿದ್ದರು. ಅವರನ್ನು ನೋಡಿಕೊಳ್ಳುವವರು ಮಠದ ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜಾರು.

ಅವರ ಬಳಿಗೆ ರೇವಣಸಿದ್ಧ ಶಿಷ್ಯನಾಗಿ ಬಂದ. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆಯನ್ನು ಪಟ್ಟಣದಲ್ಲಿ ಓದಿ, ಪದಕ ಪಡೆದವನು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ರೇವಣಸಿದ್ಧ ಬರೀ ಬೆಳ್ಳಿಯ ವ್ಯಾಪಾರಿ.

ಅವನ ಪಾಲಿಗೆ ಬಂದವಳು ಕಸ್ತೂರಿ, ಆರೇಳು ವರ್ಷದ ಹುಡುಗಿ. ಒಂದು ಮಾತೂ ಆಡುತ್ತಿರಲಿಲ್ಲ. ಏನಾದರೂ ಬೇಕಾದರೆ ಹತ್ತಿರ ಇದ್ದವರ ಮಣಿಕಟ್ಟು ಹಿಡಿದು ದರದರ ಎಳೆದೊಯ್ಯುವಳು. ಅವರ ಕೈಯನ್ನೇ ಬೇಕಾದ ವಸ್ತುವಿನ ಮೇಲೆ ಇಡುವಳು.

ಮಗಳನ್ನು ಬಿಡಲು ಬಂದ ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಮ್ಮೆ ‘ಅವ್ವ’ ಅಂದ್ರ ಸಾಕ್ರಿ. ನನ್ನ ಗುರ್ತ ಅಕಿಗೆ ಐತೋ ಇಲ್ಲೋ, ಅಷ್ಟು ತಿಳೀತೈತಿ.”

ರೇವಣಸಿದ್ಧನ ಎದೆ ಉಬ್ಬಿತು. “ದೀಪಾವಳಿಗೆ ಬರ್ರಿ ಅಕ್ಕಾರ. ‘ಅವ್ವ’ ಅನ್ನಿಸಿ ತೋರಸ್ತೀನಿ.”

ಅಜ್ಜಾರು ಕೇಳಿಯೂ ಕೇಳದವರಂತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು.

ಪಾಠ ಶುರುವಾಯಿತು. ರೇವಣಸಿದ್ಧ ನೀರಿನ ತಂಬಿಗೆ ಎತ್ತಿ ಹಿಡಿಯುವನು.

“ಇದೇನು? ಅನ್ನು, ನೀರು. ನೀ...ರು.”

ಕಸ್ತೂರಿ ತಂಬಿಗೆ ನೋಡುವಳು, ಅವನನ್ನು ನೋಡುವಳು. ಇಷ್ಟು ದೊಡ್ಡವನಾದರೂ ನೀರಿನ ಗುರುತಿಲ್ಲವಲ್ಲ ಎಂಬಂತೆ ಮುಖ ಮಾಡಿ, ಅವನ ಮಣಿಕಟ್ಟಿಗೆ ಕೈ ಹಾಕುವಳು.

“ಎಳೀಬ್ಯಾಡ. ಮದಲ ಮಾತು, ಆಮ್ಯಾಲೆ ನೀರು.”

ಅವಳು ಅಳುತ್ತ ಓಡುವಳು. ಇವನು ತಂಬಿಗೆ ಹಿಡಿದು ಬೆನ್ನಟ್ಟುವನು. ಏನು ಸಂಭ್ರಮವೋ ಎಂದು ಮಠದ ನಾಯಿ ಇಬ್ಬರ ಹಿಂದೆ ಓಡುವುದು.

ದೀಪಾವಳಿ ಹತ್ತಿರ ಬಂತು. ಕಸ್ತೂರಿ ಬಾಯಿ ಬಿಡಲಿಲ್ಲ. ಕೂಗಿ ಕೂಗಿ ರೇವಣಸಿದ್ಧನ ಗಂಟಲು ಕಟ್ಟಿತು.

“ಅಜ್ಜಾರ, ಈ ಕೂಸು ಭಾಳ ಹಟಮಾರಿ ಐತ್ರಿ,” ಎಂದು ದೂರಿದ.

“ಮದಲ ಉಣ್ಣು ಬಾ,” ಎಂದರು ಅಜ್ಜಾರು.

ಅಂದು ಗೋಧಿ ಹುಗ್ಗಿ. ಅಜ್ಜಾರು ತಾವೇ ಬಡಿಸಲು ನಿಂತರು. ರೇವಣಸಿದ್ಧನ ತಾಟಿನ ಮೇಲೆ ಬಂದ ಸೌಟು ಗಾಳಿಯಲ್ಲೇ ನಿಂತಿತು.

“ಇದೇನು?”

“ಹುಗ್ಗಿ ರೀ, ಅಜ್ಜಾರ.”

“ಶಾಬಾಸ್! ಇನ್ನೊಮ್ಮೆ ಅನ್ನು.”

“ಹುಗ್ಗಿ ರೀ.”

“ನನ್ನ ಬಾಯಿ ನೋಡಿ ಅನ್ನು. ಹು...ಗ್ಗಿ.”

ಪಂಕ್ತಿಯಲ್ಲಿ ಕಿಸಿಕಿಸಿ ನಗೆ. ರೇವಣಸಿದ್ಧ ತಲೆ ತಗ್ಗಿಸಿ “ಹು...ಗ್ಗಿ” ಎಂದ.

“ಭಾಳ ಶಾಣ್ಯಾ! ಹುಗ್ಗಿ ಎಲ್ಲೈತಿ? ಸೌಟಿನ ಒಳಗೋ, ಹೊರಗೋ?”

ತುಪ್ಪದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬೆಳಗಿನಿಂದ ಓಡಿದ ಹೊಟ್ಟೆ ಚುರುಗುಟ್ಟುತ್ತಿತ್ತು. ಅಕ್ಕಪಕ್ಕದವರು ಆಗಲೇ ಉಂಡು ಬೆರಳು ನೆಕ್ಕುತ್ತಿದ್ದರು.

“ಒಳಗ ಐತ್ರಿ.”

“ಶಾಬಾಸ್! ಈಗ ಪೂರಾ ಅನ್ನು. ‘ನನಗ ಹುಗ್ಗಿ ಬೇಕು.’”

ಗುರು ಯಾರು, ಶಿಷ್ಯ ಯಾರು ಎಂಬುದೆಲ್ಲ ರೇವಣಸಿದ್ಧನಿಗೆ ಮರೆತೇಹೋಯಿತು. ಅಜ್ಜಾರ ಮಣಿಕಟ್ಟು ಗಟ್ಟಿಯಾಗಿ ಹಿಡಿದು ಸೌಟನ್ನು ತನ್ನ ತಾಟಿಗೆ ಬಗ್ಗಿಸಿಕೊಂಡ.

ಪಂಕ್ತಿಗೆ ಪಂಕ್ತಿಯೇ ಬೆರಳು ನೆಕ್ಕುವುದನ್ನು ಬಿಟ್ಟು ಇತ್ತ ತಿರುಗಿತು.

“ಈಗ ತಿಳೀತು ನೋಡು, ನಿನಗ ಹಸಿವಾಗೈತಿ ಅಂತ,” ಎಂದರು ಅಜ್ಜಾರು. ಇನ್ನೆರಡು ಸೌಟು ಬಡಿಸಿ ಮುಂದೆ ಹೋದರು.

ಆ ಹಿಡಿತ ಯಾರದೆಂದು ರೇವಣಸಿದ್ಧನಿಗೆ ಚೆನ್ನಾಗಿ ಗೊತ್ತಿತ್ತು. ದಿನವೂ ಕಸ್ತೂರಿಯಿಂದ ಅದನ್ನು ಬಿಡಿಸಿಕೊಂಡವನು ಅವನೇ ಅಲ್ಲವೇ? ಅವನಿಗೆ ಬಹಳ ನಾಚಿಕೆಯಾಯಿತು. ಹುಗ್ಗಿಯನ್ನು ಮಾತ್ರ ಬಿಡಲಿಲ್ಲ.

ಸಂಜೆ ಕಸ್ತೂರಿ ಕೈ ಹಿಡಿದಾಗ ಅವನು ಎಳೆದತ್ತ ಹೋದ. ಅವಳು ಹೊಳೆಯ ಮೆಟ್ಟಿಲಿಗೆ ಕರೆದೊಯ್ದು, ಅವನ ಅಂಗೈಯನ್ನು ನೀರಿಗೆ ಅದ್ದಿ, ಮುಖ ನೋಡಿದಳು.

“ತಣ್ಣಗೈತಿ,” ಎಂದ. ಏನನ್ನೂ ಕೇಳಲಿಲ್ಲ.

ಕಸ್ತೂರಿ ಕೇಕೆ ಹಾಕಿ ನಕ್ಕಳು. ಅವಳ ನಗೆಯನ್ನು ಅವನು ಕೇಳಿದ್ದು ಅದೇ ಮೊದಲು.

ಆದರೆ ನಮಗಾಗಿ ಹಬ್ಬ ಕಾಯುತ್ತದೆಯೇ? ಬಾಳವ್ವ ಬಂದೇಬಿಟ್ಟಳು.

ರೇವಣಸಿದ್ಧ ಅಡುಗೆಮನೆಯ ಕಟ್ಟಿಗೆ ರಾಶಿಯ ಹಿಂದೆ ಅಡಗಿದ. ಅಜ್ಜಾರು ಕಿವಿ ಹಿಡಿದು ಅಂಗಳಕ್ಕೆ ತಂದರು.

“ಅಜ್ಜಾರ, ನಾ ಏನು ಹೇಳ್ಲಿ?”

“ಇದ್ದದ್ದು ಹೇಳು.”

“ಅಕ್ಕಾರ, ‘ಅವ್ವ’ ಅನ್ನಿಸೂದು ನನ್ನಿಂದ ಆಗಲಿಲ್ರಿ.”

ಬಾಳವ್ವನ ಮುಖ ಬಾಡಿತು. “ಹಂಗಾದ್ರ ನನ್ನ ಗುರ್ತ ಅಕಿಗೆ ಇಲ್ಲ,” ಎಂದು ಕೈಯಲ್ಲಿದ್ದ ಗಂಟನ್ನು ನೆಲಕ್ಕಿಟ್ಟಳು.

ಅಷ್ಟರಲ್ಲಿ ಕಸ್ತೂರಿ ಓಡಿ ಬಂದಳು. ಅಜ್ಜಾರನ್ನು ದಾಟಿದಳು. ರೇವಣಸಿದ್ಧ ರೂಢಿಯಂತೆ ಕೈ ಚಾಚಿದ, ಅದನ್ನೂ ದಾಟಿದಳು. ನೆಟ್ಟಗೆ ಹೋಗಿ ಬಾಳವ್ವನ ಮಣಿಕಟ್ಟು ಹಿಡಿದು ಹೊಳೆಯ ಕಡೆಗೆ ಎಳೆದಳು.

ಬಾಳವ್ವ ಕದಲಲಿಲ್ಲ. ಕಣ್ಣೀರು ಇಳಿಯುತ್ತಿತ್ತು. “ಮದಲ ‘ಅವ್ವ’ ಅನ್ನು, ನನ್ನ ಬಂಗಾರಾ. ಒಮ್ಮೆ ಅನ್ನು. ಆಮ್ಯಾಲೆ ಎಲ್ಲಿ ಬೇಕಾದ್ರೂ ಬರ್ತೀನಿ.”

ಅದು ರೇವಣಸಿದ್ಧನದೇ ಪಾಠ. ಕಸ್ತೂರಿ ಇನ್ನೊಮ್ಮೆ ಎಳೆದಳು. ಮತ್ತೂ ಒಮ್ಮೆ. ಆಮೇಲೆ ಅವಳ ಬೆರಳುಗಳು ಸಡಿಲವಾಗತೊಡಗಿದವು.

“ಅಕಿ ಜೋಡಿ ಹೋಗ್ರೀ ಅಕ್ಕಾರ!” ಎಂದು ಅವನು ಕೂಗಿಯೇಬಿಟ್ಟ.

ಬಾಳವ್ವ ದಿಕ್ಕುತೋಚದೆ ಅಜ್ಜಾರ ಕಡೆ ತಿರುಗಿದಳು. “ಅಕಿ ನನ್ನ ಕರೀಲೇ ಇಲ್ಲಲ್ರೀ, ಅಜ್ಜಾರ?”

“ಆಗಿಂದ ಕರಿಯಾಕತ್ತಾಳ, ತಂಗಿ,” ಎಂದರು ಅಜ್ಜಾರು. “ನೀನ ಇನ್ನೂ ‘ಓ’ ಅಂದಿಲ್ಲ.”