ಕಾಣದೆ ಹೋದ ಡಿಸ್ಕು

ಕಪಿಲೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿನ ಗುರು ಮಹಂತಯ್ಯನವರಿಗೆ ವಯಸ್ಸಾಗಿತ್ತು. ಶಿಷ್ಯ ಶಿವಮಲ್ಲುವಿಗೆ ಸುಸ್ತಾಗಿತ್ತು.

ಗುರುಗಳ ಸುಸ್ತು ದೇಹದ್ದು, ಮಲಗಿ ಎದ್ದರೆ ಅಷ್ಟಿಷ್ಟು ಇಳಿಯುತ್ತಿತ್ತು. ಶಿಷ್ಯನದು ಹಾಗಲ್ಲ. ಬೆಳಗ್ಗೆ ಅವನು ಕಣ್ಣು ಬಿಡುವ ಮೊದಲೇ ಅದು ಎದ್ದು ಕೂತಿರುತ್ತಿತ್ತು.

ಆ ಆಶ್ರಮದಲ್ಲಿ ಒಂದು ವಾಡಿಕೆ. ಸಂಜೆ ದೀಪ ಹಚ್ಚಿದ ಮೇಲೆ ಸುತ್ತಲಿನ ಊರುಗಳ ಜನ ಬಂದು ಜಗಲಿಯಲ್ಲಿ ಕೂರುತ್ತಾರೆ. ಗುರುಗಳು ಸ್ವಲ್ಪ ಹೊತ್ತು ಮಾತಾಡುತ್ತಾರೆ. ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳುತ್ತಾರೆ, ಇಲ್ಲದವರು ಸುಮ್ಮನೆ ಎದ್ದು ಮನೆಗೆ ಹೋಗುತ್ತಾರೆ. ಇದಕ್ಕೆ ಸಂಜೆಮಾತು ಎಂದು ಹೆಸರು.

ಕಳೆದ ದೀಪಾವಳಿಯ ಹೊತ್ತಿಗೆ ಗುರುಗಳ ಗಂಟಲಿಗೆ ಕಾಯಿಲೆ ಬಂತು. ಆಸ್ಪತ್ರೆಯಿಂದ ವಾಪಸ್ ಬರುವಾಗ ದನಿ ಪಿಸುಮಾತಿನಷ್ಟಕ್ಕೆ ಇಳಿದಿತ್ತು. ಗಟ್ಟಿಯಾಗಿ ಮಾತಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಶಿವಮಲ್ಲು ಅದನ್ನು ಮಾತಾಡಲೇಬೇಡಿ ಎಂದು ತಿಳಿದುಕೊಂಡ. ಪ್ರೀತಿ ಇರುವವರು ಹೀಗೇ, ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕೇಳಿಸಿಕೊಂಡುಬಿಡುತ್ತಾರೆ.

ಅವನ ಹತ್ತಿರ ಗುರುಗಳ ಹಳೆಯ ಮಾತುಗಳೆಲ್ಲ ಇದ್ದವು. ಆಶ್ರಮಕ್ಕೆ ಬಂದ ದಿನದಿಂದಲೂ ಅವನು ಸಂಜೆಮಾತನ್ನು ರೆಕಾರ್ಡು ಮಾಡಿಕೊಂಡು ಬಂದಿದ್ದ. ಎಲ್ಲವೂ ಆಫೀಸು ಕೋಣೆಯ ಕಂಪ್ಯೂಟರಿನೊಳಗೆ, ಅಂಗೈಯಗಲದ ಒಂದು ಎಸ್‌ಎಸ್‌ಡಿಯಲ್ಲಿ ಸೇರಿದ್ದವು. ಆಶ್ರಮದಲ್ಲಿ ಅದನ್ನು ಡಿಸ್ಕು ಎಂದಷ್ಟೇ ಕರೆಯುತ್ತಿದ್ದರು.

ಗುರುಗಳ ದನಿ ಇಳಿದ ಮೇಲೆ ಸಂಜೆಮಾತು ಸ್ಪೀಕರಿನಿಂದ ಬರತೊಡಗಿತು. ಶಿವಮಲ್ಲು ದಿನಕ್ಕೊಂದು ಹಳೆಯ ಮಾತನ್ನು ಆರಿಸಿ ಹಾಕುತ್ತಿದ್ದ. ಗುರುಗಳು ಪಕ್ಕದಲ್ಲೇ ಗೋಡೆಗೊರಗಿ ಕೂತು ತಮ್ಮ ದನಿಯನ್ನು ತಾವೇ ಕೇಳುತ್ತಿದ್ದರು. ಅದರಲ್ಲಿ ಅವರಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲವಾದ್ದರಿಂದ ಒಮ್ಮೊಮ್ಮೆ ತೂಕಡಿಸುತ್ತಿದ್ದರು.

ಜನಕ್ಕೂ ಅಭ್ಯಾಸವಾಯಿತು. ಸ್ಪೀಕರಿಗೆ ಕೈ ಮುಗಿದು, ಹಾಗೇ ಗುರುಗಳಿಗೂ ಕೈ ಮುಗಿದು ಹೊರಡುತ್ತಿದ್ದರು. ಸ್ಪೀಕರನ್ನು ಏನೂ ಕೇಳಲಾಗುವುದಿಲ್ಲ. ಹಾಗಾಗಿ ಯಾರೂ ಏನೂ ಕೇಳುತ್ತಿರಲಿಲ್ಲ.

ಒಂದು ಬೆಳಗ್ಗೆ ಡಿಸ್ಕು ಕಾಣಲಿಲ್ಲ.

ಅದು ಇದ್ದ ಜಾಗದಲ್ಲೇ ಇತ್ತು. ಕಂಪ್ಯೂಟರಿನ ಡಬ್ಬದ ಮುಚ್ಚಳ ತೆಗೆದರೆ ಕಣ್ಣಿಗೆ ಕಾಣುತ್ತಿತ್ತು, ಕೈಗೂ ಸಿಗುತ್ತಿತ್ತು. ಒಳಗಿನದನ್ನೆಲ್ಲ ಜೋಡಿಸುವ ಮದರ್‌ಬೋರ್ಡಿಗೆ ಮಾತ್ರ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಪರದೆಯ ಮೇಲೆ ಉಳಿದದ್ದೆಲ್ಲದರ ಹೆಸರಿತ್ತು, ಅದರ ಹೆಸರಿಲ್ಲ.

ಶಿವಮಲ್ಲು ಕೇಬಲ್ಲು ಕಿತ್ತು ಮತ್ತೆ ಹಾಕಿದ. ಬೇರೆ ಕೇಬಲ್ಲು ಹಾಕಿದ. ಪಕ್ಕದ ಸಾಕೆಟ್ಟಿಗೆ ಚುಚ್ಚಿ ನೋಡಿದ. ಬ್ರಶ್ಶಿನಿಂದ ಧೂಳು ಹೊಡೆದ. ಗುಂಡಿಯಂಥ ಬ್ಯಾಟರಿಯನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದ. ಪ್ರತಿ ಸಲವೂ ಕಂಪ್ಯೂಟರು ಚಾಲೂ ಆಗುತ್ತಿತ್ತು. ಪ್ರತಿ ಸಲವೂ ಆ ಹೆಸರು ಇರುತ್ತಿರಲಿಲ್ಲ.

ಪಟ್ಟಣದ ರಿಪೇರಿ ಅಂಗಡಿಗೆ ಫೋನು ಮಾಡಿದ. ಅವರು ಡಿಸ್ಕನ್ನು ನೋಡದೆಯೇ ಅದರ ತಿಥಿ ಮುಗಿಸಿಬಿಟ್ಟರು. ಎಸ್‌ಎಸ್‌ಡಿಗಳು ಹೇಳದೆ ಕೇಳದೆ ಹೋಗಿಬಿಡುತ್ತವೆ, ಹೋದರೆ ಒಳಗಿದ್ದದ್ದೂ ಹೋದ ಹಾಗೆ ಎಂದರು.

ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ. ಗುರುಗಳು ಕೋಲೂರಿಕೊಂಡು ಆಫೀಸು ಕೋಣೆಯ ಬಾಗಿಲಿಗೆ ಬಂದರು. ಶಿವಮಲ್ಲು ನೆಲದ ಮೇಲೆ ಕೂತಿದ್ದ. ಸುತ್ತಲೂ ಸ್ಕ್ರೂಗಳು ಚೆಲ್ಲಿದ್ದವು.

"ಏನಾಯ್ತಪ್ಪ?" ಎಂದು ಗುರುಗಳು ಪಿಸುದನಿಯಲ್ಲಿ ಕೇಳಿದರು.

"ಡಿಸ್ಕು ಕಾಣ್ತಾ ಇಲ್ಲ ಬುದ್ಧಿ. ಸತ್ತೋಗದೆ. ನೀವು ಮಾತಾಡ್ಬೇಡಿ, ಗಂಟ್ಲಿಗೆ ಆಗಲ್ಲ."

ಗುರುಗಳು ತೆರೆದ ಡಬ್ಬವನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಅದರಲ್ಲಿ ಒಂದೂ ತಿಳಿಯುತ್ತಿರಲಿಲ್ಲ. ತಿಳಿದವರಂತೆ ತಲೆಯನ್ನೂ ಆಡಿಸಲಿಲ್ಲ.

"ಅದು ಕಾಣದೆ ಹೋದಾಗ, ಇನ್ನೇನು ಕಾಣ್ತು?"

ಶಿವಮಲ್ಲುವಿಗೆ ಕೋಪ ಬಂತು. ಇಂಥ ಪ್ರಶ್ನೆಗಳನ್ನು ಅವನು ಬೇರೆ ದಿನಗಳಲ್ಲಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಬೆಳಗಿನಿಂದ ಬೆನ್ನು ಬಗ್ಗಿಸಿ ಕೂತವನಿಗೆ ಈಗ ಒಗಟು ಬೇಡವಾಗಿತ್ತು. ಏನೂ ಕಾಣಲಿಲ್ಲ ಬುದ್ಧಿ ಎಂದು ಹೇಳಿ ಮತ್ತೆ ಡಬ್ಬದೊಳಗೆ ತಲೆ ಹಾಕಿದ.

ಗುರುಗಳು ಊಟ ಮಾಡು ಎಂದಷ್ಟೇ ಹೇಳಿ ಹೋದರು.

ಸಂಜೆ ಜನ ಬಂದರು. ಶಿವಮಲ್ಲು ಜಗಲಿಗೆ ಹೋಗಿ ಇವತ್ತು ಸಂಜೆಮಾತು ಇಲ್ಲ, ಬುದ್ಧಿಯವರ ದನಿ ಕೆಟ್ಟಿದೆ ಎಂದು ತಿಳಿಸಿದ. ಬುದ್ಧಿಯವರು ಅವನ ಪಕ್ಕದಲ್ಲೇ ಕೂತಿದ್ದರು. ಜನ ಅವರನ್ನೂ ಅವನನ್ನೂ ನೋಡಿದರು. ಅವನು ಯಾರ ಮುಖವನ್ನೂ ನೋಡದೆ ಆಫೀಸು ಕೋಣೆಗೆ ವಾಪಸ್ ಹೋಗಿ ಬಾಗಿಲು ಹಾಕಿಕೊಂಡ.

ಹೊರಗಿನಿಂದ ಏನೂ ಕೇಳಿಸಲಿಲ್ಲ. ಎಲ್ಲರೂ ಹೊರಟುಹೋದರು ಎಂದುಕೊಂಡ.

ಮಾರನೆಯ ದಿನವೂ ಅದೇ ಆಯಿತು. ಕೇಬಲ್ಲು, ಧೂಳು, ಬ್ಯಾಟರಿ. ಗುರುಗಳು ಬಾಗಿಲ ಬಳಿ ಬಂದು ನಿಂತರೆ ಅವನು ತಲೆ ಎತ್ತಲಿಲ್ಲ. ಸಂಜೆ ಜಗಲಿಗೂ ಹೋಗಲಿಲ್ಲ. ಹೋಗಿ ಏನು ಹೇಳುವುದು?

ಅವನಿಗೆ ನಿಜವಾಗಿ ಭಯವಾಗಿತ್ತು. ಗುರುಗಳು ಇಂದಲ್ಲ ನಾಳೆ ಹೋಗುವವರು, ಅದು ಅವನಿಗೆ ಗೊತ್ತಿತ್ತು. ಹೋದ ಮೇಲೂ ಈ ದನಿ ಇರುತ್ತದಲ್ಲ ಎಂಬ ಒಂದೇ ಧೈರ್ಯದ ಮೇಲೆ ಅವನು ಆಸ್ಪತ್ರೆಯ ದಿನಗಳನ್ನೆಲ್ಲ ಕಳೆದಿದ್ದ. ಈಗ ಅದನ್ನೂ ತನ್ನ ಕೈಯಾರೆ ಹಾಳು ಮಾಡಿದೆ ಎಂದುಕೊಂಡ. ಇನ್ನು ಯಾವ ಮುಖ ಇಟ್ಟುಕೊಂಡು ಇಲ್ಲಿರುವುದು ಎಂದು ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡ.

ಮರುದಿನ ಮಧ್ಯಾಹ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಗುರುಗಳ ಮುಂದೆ ನಿಂತ. ಅವರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಸ್ನಾನಕ್ಕೆ ಹೊರಟಿದ್ದರು.

"ನಿಮ್ಮ ದನೀನ ನಾನೇ ಕಳೆದೆ ಬುದ್ಧಿ. ನಾನು ಹೋಗ್ತೀನಿ."

"ಕಳೆದೋಯ್ತಾ?" ಎಂದು ಗುರುಗಳು ಕೇಳಿದರು.

"ಹೋಯ್ತು ಬುದ್ಧಿ. ಒಂದು ಮಾತೂ ಉಳೀಲಿಲ್ಲ."

"ನೀನು ಕಳೆದದ್ದು ಹೆಂಗೆ?"

ಆಗ ಅವನು ಇಲ್ಲಿಯವರೆಗೆ ಹೇಳದೆ ಇದ್ದದ್ದನ್ನು ಹೇಳಿದ. ಭಕ್ತರೊಬ್ಬರು ಒಂದು ಹೊಸ ಡಿಸ್ಕು ತಂದುಕೊಟ್ಟಿದ್ದರು. ಅದು ಹಳೆಯದರ ಹಾಗೆ ಕೇಬಲ್ಲಿನಿಂದ ನೇತಾಡುವಂಥದ್ದಲ್ಲ, ಬಬಲ್ ಗಮ್ಮಿನ ಪಟ್ಟಿಯಷ್ಟು ತೆಳ್ಳಗೆ, ಮದರ್‌ಬೋರ್ಡಿನ ಮೇಲೇ ಕೂರುವಂಥದ್ದು. ಒಂದು ಡಿಸ್ಕು ಕೆಟ್ಟರೆ ಇನ್ನೊಂದರಲ್ಲಿ ಇರಲಿ, ಗುರುಗಳ ಮಾತನ್ನೆಲ್ಲ ಅದಕ್ಕೂ ಇಳಿಸಿಡೋಣ ಎಂದು, ಹಳೆಯದು ಕಾಣದಾದ ಹಿಂದಿನ ರಾತ್ರಿ ಅವನೇ ಕೂರಿಸಿದ್ದ. ಹಾಗೆ ಕೂರಿಸುವಾಗ ಕೈ ಒದ್ದೆಯಾಗಿತ್ತೋ, ಎಲ್ಲಿಯಾದರೂ ತಾಗಿತೋ, ಹಳೆಯದು ಸತ್ತುಹೋಯಿತು.

"ಹೊಸದು ಕಾಣ್ತದಾ?"

"ಅದು ಚೆನ್ನಾಗಿ ಕಾಣ್ತದೆ. ಅದರೊಳಗೇ ಏನೂ ಇಲ್ಲ."

ಗುರುಗಳು ಹೂಂ ಎಂದರು. ಹೋಗುವವನು ಹೋಗಪ್ಪ, ಅದಕ್ಕೆ ಮುಂಚೆ ನನಗೆ ಸ್ನಾನಕ್ಕೆ ನೀರು ಹಿಡಿದು ಕೊಡು ಎಂದರು.

ಶಿವಮಲ್ಲು ಚೀಲವನ್ನು ಕೆಳಗಿಟ್ಟು ಬಚ್ಚಲಿಗೆ ಹೋದ. ಬಕೆಟ್ಟು ಇಟ್ಟು ನಲ್ಲಿ ತಿರುಗಿಸಿದ. ನಲ್ಲಿ ಬುಸ್ ಎಂದಿತು, ಒಂದು ಹನಿ ಬೀಳಲಿಲ್ಲ.

"ನಲ್ಲಿ ಸತ್ತೋಗದೆ ಕಣಪ್ಪ," ಎಂದರು ಗುರುಗಳು ಹಿಂದಿನಿಂದ. "ಹೋಗೋವಾಗ ಅದನ್ನೂ ಕಿತ್ತು ಬಿಸಾಕಿ ಹೋಗು."

"ನಲ್ಲಿಗೇನಾಗದೆ ಬುದ್ಧಿ, ಚೆನ್ನಾಗೇ ಅದೆ," ಎಂದು ಶಿವಮಲ್ಲು ಬೇಸರದಿಂದ ಹೇಳಿದ. ಅಡುಗೆಮನೆಯ ಕಡೆ ತಿರುಗಿ ಅಡುಗೆಯ ಗೌರಮ್ಮನನ್ನು ಕೂಗಿ ನಲ್ಲಿ ನಿಲ್ಲಿಸಲು ಹೇಳಿದ. "ಗೌರಮ್ಮನಿಗೆ ಅಂತ ಹೋದ ವರ್ಷ ಹೊಸ ನಲ್ಲಿ ಹಾಕ್ಸುದ್ವಲ್ಲ. ಎರಡಕ್ಕೂ ಪೈಪು ಒಂದೇ. ಅಲ್ಲಿ ಬಿಟ್ರೆ ಇಲ್ಲಿಗೆ ಬರಲ್ಲ."

ಬಚ್ಚಲ ನಲ್ಲಿಯಲ್ಲಿ ನೀರು ಬಂತು.

ಶಿವಮಲ್ಲು ನೀರನ್ನು ನೋಡುತ್ತ ನಿಂತ. ಬಕೆಟ್ಟು ತುಂಬಿತು, ತುಂಬಿ ಹರಿಯಿತು, ಅವನ ಪಾದ ಒದ್ದೆಯಾಯಿತು. ಅವನಿಗೆ ನಲ್ಲಿ ನಿಲ್ಲಿಸಬೇಕೆಂದು ಹೊಳೆಯಲಿಲ್ಲ. ಗುರುಗಳೇ ಕೈ ಚಾಚಿ ನಿಲ್ಲಿಸಿದರು.

"ಬುದ್ಧಿ, ಈಗ ಬಂದೆ," ಎಂದು ಅವನು ಆಫೀಸು ಕೋಣೆಗೆ ಓಡಿದ.

ಅವನು ಇಷ್ಟು ದಿನ ಹಳೆಯ ಡಿಸ್ಕಿಗೇ ಔಷಧಿ ಮಾಡುತ್ತ ಕೂತಿದ್ದ. ಹೊಸದನ್ನು ಮುಟ್ಟಿರಲಿಲ್ಲ. ಕಾಣುತ್ತಿದ್ದದ್ದು ಅದೊಂದೇ, ಅದನ್ನು ಯಾಕೆ ಮುಟ್ಟುವುದು? ಈಗ ಅದರ ಚಿಕ್ಕ ಸ್ಕ್ರೂ ಬಿಚ್ಚಿ ಮೆಲ್ಲಗೆ ಎಳೆದು ಪಕ್ಕಕ್ಕಿಟ್ಟ. ಹಳೆಯದರ ಕೇಬಲ್ಲನ್ನು ಮೊದಲಿದ್ದ ಸಾಕೆಟ್ಟಿಗೇ ಚುಚ್ಚಿ ಕಂಪ್ಯೂಟರು ಚಾಲೂ ಮಾಡಿದ.

ಹಳೆಯ ಡಿಸ್ಕಿನ ಹೆಸರು ಪರದೆಯ ಮೇಲೆ ಬಂತು.

ಆ ಮದರ್‌ಬೋರ್ಡಿನಲ್ಲಿ ಹೊಸದು ಕೂತ ಜಾಗಕ್ಕೂ ಹಳೆಯದರ ಸಾಕೆಟ್ಟಿಗೂ ಒಂದೇ ದಾರಿ. ಪಕ್ಕದ ಸಾಕೆಟ್ಟಿಗೂ ಅದೇ ದಾರಿ. ಅಲ್ಲಿ ಒಂದು ಬಂದು ಕೂತರೆ ಇಲ್ಲಿಯದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೈಯ ತೇವವೂ ಇಲ್ಲ, ಪಾಪವೂ ಇಲ್ಲ. ಡಿಸ್ಕಿಗೆ ಏನೂ ಆಗಿರಲಿಲ್ಲ.

ಅವನು ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಅತ್ತ. ಆಮೇಲೆ ಒಂದು ಹಳೆಯ ಮಾತನ್ನು ಹಾಕಿದ. ಗುರುಗಳ ದನಿ ಕೋಣೆಯಲ್ಲಿ ಗಟ್ಟಿಯಾಗಿ, ಮೊದಲಿನ ಹಾಗೇ ಕೇಳಿಸಿತು. ಅವನು ಮೇಜಿನ ಮೇಲೆ ತಲೆಯಿಟ್ಟು ಕೇಳುತ್ತ ಹಾಗೇ ನಿದ್ದೆ ಹೋದ. ಎಷ್ಟೋ ದಿನಗಳ ನಿದ್ದೆ ಬಾಕಿಯಿತ್ತು.

ಎದ್ದಾಗ ಸಂಜೆಯಾಗಿತ್ತು. ಜಗಲಿಯಲ್ಲಿ ದೀಪ ಹಚ್ಚಿದ್ದರು. ಅವನು ಮಾತನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಸ್ಪೀಕರನ್ನು ಎದೆಗವಚಿಕೊಂಡು ಹೊರಗೆ ಬಂದ. ಎರಡು ಸಂಜೆ ಬರಿಗೈಲಿ ವಾಪಸ್ ಹೋದ ಜನ ಇವತ್ತು ಬಂದಿರುವರೋ ಇಲ್ಲವೋ ಎಂಬ ಅಳುಕಿತ್ತು.

ಜನ ಬಂದಿದ್ದರು. ಆದರೆ ಯಾವಾಗಲೂ ಕೂರುವ ಜಾಗದಲ್ಲಿ ಇರಲಿಲ್ಲ. ಜಗಲಿಯ ಅರ್ಧ ಖಾಲಿಯಾಗಿತ್ತು. ಎಲ್ಲರೂ ಗುರುಗಳ ಹತ್ತಿರಕ್ಕೆ ಸರಿದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಮುಂದಕ್ಕೆ ಬಾಗಿದ್ದರು. ಕೆಮ್ಮು ಬಂದವರೂ ಬಾಯಿಗೆ ಸೆರಗು ಹಿಡಿದು ತಡೆದುಕೊಳ್ಳುತ್ತಿದ್ದರು.

ನದಿಯಾಚೆಯ ಸಾಕಮ್ಮ ಗುರುಗಳ ಎದುರಿಗಿದ್ದಳು. ದೀಪಾವಳಿಯಿಂದಲೂ ದಿನಾ ಬಂದು ಕಂಬದ ಹಿಂದೆ ಕೂತು ಹೋಗುತ್ತಿದ್ದವಳು. ಅವಳಿಗೂ ಅವಳ ಅಕ್ಕನಿಗೂ ಮಾತು ಬಿಟ್ಟು ವರ್ಷಗಳಾಗಿವೆ, ಈಗ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಅವಳಾಗಿ ಕರೆಯದೆ ಹೇಗೆ ಹೋಗುವುದು ಎಂದು ಕೇಳುತ್ತಿದ್ದಳು.

ಗುರುಗಳು ಏನೋ ಹೇಳಿದರು. ಬಾಗಿಲಲ್ಲಿ ನಿಂತ ಶಿವಮಲ್ಲುವಿಗೆ ಅದು ಕೇಳಿಸಲಿಲ್ಲ. ಸಾಕಮ್ಮನಿಗೆ ಕೇಳಿಸಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನಾಳೆನೇ ಹೋಗಿ ಬತ್ತೀನಿ ಬುದ್ಧಿ ಎಂದಳು.

ಯಾರೋ ತಿರುಗಿ ಶಿವಮಲ್ಲುವನ್ನು ನೋಡಿದರು. ಆಮೇಲೆ ಎಲ್ಲರೂ ನೋಡಿದರು. ಗುರುಗಳು ಬಾ ಎಂದು ಕೈ ಮಾಡಿದರು. ಜನ ಸರಿದು ದಾರಿ ಬಿಟ್ಟರು. ಅವನು ಸ್ಪೀಕರನ್ನು ಗುರುಗಳ ಮುಂದೆ, ಅವರ ಮುಖಕ್ಕೂ ಜನಕ್ಕೂ ನಡುವೆ, ದಿನಾ ಇಡುವ ಜಾಗದಲ್ಲೇ ಇಟ್ಟ.

"ಸಿಕ್ತು ಬುದ್ಧಿ. ಎಲ್ಲಾ ಹಂಗೇ ಅದೆ. ಹಾಕ್ಲಾ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಅವನ ಕಣ್ಣುಗಳು ಊದಿಕೊಂಡಿದ್ದವು, ಕೆನ್ನೆಯ ಮೇಲೆ ಮೇಜಿನ ಅಂಚಿನ ಗೆರೆ ಮೂಡಿತ್ತು. ಅವರು ಆ ಗೆರೆಯನ್ನು ಬೆರಳಿನಿಂದ ಸವರಿದರು.

"ಏನಾಗಿತ್ತು ಅದಕ್ಕೆ?"

ಕೇಳಿಸಿಕೊಳ್ಳಲು ಅವನೂ ಬಾಗಬೇಕಾಯಿತು. ದೀಪಾವಳಿಯಿಂದೀಚೆಗೆ ಅವನು ಹಾಗೆ ಬಾಗಿದ್ದು ಅದೇ ಮೊದಲು.

"ಏನೂ ಆಗಿರ್ಲಿಲ್ಲ ಬುದ್ಧಿ. ಹೊಸದನ್ನ ತಂದು ಕೂರಿಸ್ದೆ, ಇದರ ದಾರಿ ಮುಚ್ಚೋಯ್ತು. ಹೊಸದನ್ನ ತೆಗೆದೆ, ಇದು ಕಾಣ್ತು."

"ಸತ್ತೋಗದೆ ಅಂತಿದ್ದೆ."

"ತಪ್ಪಾಯ್ತು ಬುದ್ಧಿ. ಸತ್ತಿರ್ಲಿಲ್ಲ."

ಗುರುಗಳು ಸ್ಪೀಕರನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು. ಅವರಿಗೆ ತುಂಬಾ ಸುಸ್ತಾಗಿತ್ತು.

"ಹಂಗಾದ್ರೆ ಇದನ್ನ ಆ ಕಡೆ ಇಡು. ನಾನೂ ಇನ್ನೂ ಸತ್ತಿಲ್ಲ ಕಣಪ್ಪ."