ಹೆಪ್ಪು ಹಾಕಿ ನೋಡಿದ್ದೀಯಾ?

ಇದರ ಅಕ್ಷರ ಅಕ್ಷರವೂ ನಿಜ. ಸುಳ್ಳಾದರೆ ನಾಳೆಯೇ ಮೀಸೆ ಬೋಳಿಸುತ್ತೇನೆ. ನಮ್ಮೂರ ಲೈಬ್ರರಿಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಅಜ್ಜಿಯರ ಸೋಬಾನೆ ಹಾಡುಗಳಿದ್ದವು. ಹಾಡಿದ ಅಜ್ಜಿಯರು ಈಗಿಲ್ಲ. ಪಕ್ಕದ ಕಿಟಕಿಯಲ್ಲಿ, ಲೈಬ್ರರಿ ನೋಡಿಕೊಳ್ಳುವ ಮಾಚವ್ವನ ಮೊಸರಿನ ಕುಡಿಕೆ. ಮಗುಚಿದರೂ ಬೀಳದಷ್ಟು ಗಟ್ಟಿ ಮೊಸರು.

“ಹಾಡು ಕಳೆದುಹೋದೀತೆಂದು ನನಗೇನು ಭಯ?” ಎಂದಿತು ಕಂಪ್ಯೂಟರ್. “ದಿನಾ ಬ್ಯಾಕಪ್ ಮಾಡಿ ನನ್ನಲ್ಲೇ ಇಟ್ಟುಕೊಂಡಿದ್ದೇನೆ.”

“ನಾನು ಒಡೆದರೆ ನನ್ನೊಳಗಿನ ಹೆಪ್ಪೂ ನೆಲದ ಪಾಲು, ತಮ್ಮಾ,” ಎಂದಿತು ಕುಡಿಕೆ. “ಅದಕ್ಕೇ ಮಾಚವ್ವ ಪಕ್ಕದ ಮನೆಯಲ್ಲೂ ಒಂದಿಷ್ಟು ಇಟ್ಟಿದ್ದಾಳೆ. ಕೆಟ್ಟಿದೆಯೋ ಏನೋ ಎಂದು ಆಗಾಗ ಹಾಲಿಗೆ ಹಾಕಿ ನೋಡುತ್ತಾಳೆ. ನೀನು ಎಂದಾದರೂ ಹೆಪ್ಪು ಹಾಕಿ ನೋಡಿದ್ದೀಯಾ?”

ಕಂಪ್ಯೂಟರ್ ಆಗಲೇ ಒಂದು ಬ್ಯಾಕಪ್ ತೆರೆಯಿತು. ಹಾಡುಗಳ ಹೆಸರಿತ್ತು, ದನಿ ಇರಲಿಲ್ಲ. ಬೆವರಿಳಿಸಿಕೊಂಡು, ದನಿ ಸಮೇತ ಹೊಸ ಬ್ಯಾಕಪ್ ಮಾಡಿ, ಒಂದನ್ನು ಶಾಲೆಯ ಕಂಪ್ಯೂಟರಿಗೆ ಕಳಿಸಿತು. ಅಲ್ಲಿ ಹಾಡಿಸಿಯೂ ನೋಡಿತು.

ಮುಂದೆ ಒಂದು ಸಿಡಿಲಿಗೆ ಲೈಬ್ರರಿ ಕಂಪ್ಯೂಟರಿನ ಹೊಟ್ಟೆ ಸುಟ್ಟುಹೋಯಿತು. ಮಾಚವ್ವ ಹೊಸ ಹೊಟ್ಟೆ ಹಾಕಿಸಿ ಶಾಲೆಯಿಂದ ಹಾಡು ತರಿಸಿದಳು. ಮೊದಲ ಅಜ್ಜಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹಾಡತೊಡಗಿದಳು.

“ಚೆನ್ನಾಗಿ ಹೆಪ್ಪುಗಟ್ಟಿದೆ,” ಎಂದಿತು ಕುಡಿಕೆ.

ಒಂದು ಚಿಕ್ಕ ಸಂಗತಿ ಮಾತ್ರ ನಾನು ಸೇರಿಸಿದ್ದು: ಮೊಸರು ಅಷ್ಟೇನೂ ಗಟ್ಟಿಯಿರಲಿಲ್ಲ.