ರಾಜಕುಮಾರಿಯ ಸ್ನಾನದ ಗಾಡಿ

ನೂರೈವತ್ತು ವರ್ಷದ ಹಿಂದಿನ ಮಾತು. ಇಂಗ್ಲೆಂಡಿನ ರಾಜಮನೆತನದವರು ಬೇಸಿಗೆ ಕಳೆಯುತ್ತಿದ್ದ ಕಡಲತೀರದ ಬಂಗಲೆಯಲ್ಲಿ ಎನಾಕ್ ಎಂಬ ಮುದುಕ ಕುದುರೆಯಾಳು ಇದ್ದ. ರಾಜಕುಮಾರಿ ಕಡಲಸ್ನಾನಕ್ಕೆ ಹೊರಟರೆ ಗಾಲಿಯ ಮೇಲಿನ ಮರದ ಕೋಣೆಯೊಂದನ್ನು ಹತ್ತಿ, ಒಳಗೇ ಬಟ್ಟೆ ಬದಲಿಸುತ್ತಿದ್ದಳು. ಎನಾಕ್ ಅದನ್ನೆಳೆಯುವ ಕುದುರೆಯ ಮುಂದೆ ನಡೆದು ಆ ಕೋಣೆಯನ್ನು ನೀರಿಗಿಳಿಸುತ್ತಿದ್ದ. ದಡದವರಿಗೆ ಕಾಣಬಾರದೆಂದು ಅದರ ಬಾಗಿಲು ಸಮುದ್ರದ ಕಡೆಗಿತ್ತು.

ಆ ವರ್ಷ ಪೆಲ್ಹಮ್ ಸಾಹೇಬರು ಹೊಸ ಮೇಲ್ವಿಚಾರಕರಾಗಿ ಬಂದರು.

"ಏನಯ್ಯಾ, ರಾಜಕುಮಾರಿಗೇ ಬೆನ್ನು ತೋರಿಸಿ ನಡೀತೀಯಾ? ಅರಮನೆಯಲ್ಲಿ ಅವರೆದುರು ನಾವೆಲ್ಲ ಹಿಂದುಹಿಂದಕ್ಕೆ ನಡೀತೀವಿ. ನಾಳೆಯಿಂದ ನೀನೂ ಹಾಗೇ ನಡಿ. ಇಲ್ಲ, ಕೆಲಸ ಬಿಡು!"

ಅಲೆಗಳ ನಡುವೆ ಹಿಂದುಹಿಂದಕ್ಕೆ ನಡೆದರೆ ಮುದುಕ ಮುಳುಗುವುದು ಖಂಡಿತ. ಕೆಲಸ ಬಿಟ್ಟರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು. ಎನಾಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಆಗಲಿ ಸ್ವಾಮಿ. ಆದ್ರೆ ಆಗ ನನ್ನ ಮುಖ ಕೋಣೆಯ ಬಾಗಿಲ ಕಡೆಗೇ ಇರುತ್ತೆ. ಒಳಗೆ ರಾಜಕುಮಾರಿ ಬಟ್ಟೆ ಬದಲಿಸ್ತಿರ್ತಾರೆ. ಗಾಳಿಗೆ ಬಾಗಿಲು ತೆಗೆದುಕೊಂಡ್ರೆ..."

"ಥೂ! ಕಣ್ಣು ಮುಚ್ಚಿಕೊಳ್ಳಯ್ಯಾ!"

"ಕಣ್ಣು ಮುಚ್ಚಿ ಹಿಂದಕ್ಕೆ ನಡೆದ್ರೆ ಗಾಡಿ ಫ್ರಾನ್ಸಿಗೇ ಹೋದೀತು ಸ್ವಾಮಿ. ಬೇಡ, ಕಣ್ಣು ಬಿಟ್ಟುಕೊಂಡೇ ನಡೀತೀನಿ. ಬಾಗಿಲ ಕಡೆ ನೋಡು ಅಂತ ಹೇಳಿದ್ದು ತಾವೇ ಅಂತ ಒಂದು ಚೀಟಿ ಬರೆದುಕೊಡಿ ಸಾಕು. ಅವರಮ್ಮ ಮಹಾರಾಣಿಯವರು ಕೇಳಿದಾಗ ತೋರಿಸ್ತೀನಿ."

ಸಾಹೇಬರ ಮುಖ ಬೇಯಿಸಿದ ಏಡಿಯ ಹಾಗೆ ಕೆಂಪಾಯಿತು.

"ಬೆನ್ನು ತೋರಿಸು! ಬೆನ್ನನ್ನೇ ತೋರಿಸು ಮಾರಾಯ!"

ಮಾರನೆಯ ಬೆಳಿಗ್ಗೆ ಎನಾಕ್ ಎಂದಿನಂತೆ ನೆಟ್ಟಗೆ ನಡೆದು ಗಾಡಿಯನ್ನು ನೀರಿಗಿಳಿಸಿದ. ದಡದಲ್ಲಿ ಪೆಲ್ಹಮ್ ಸಾಹೇಬರೂ ರಾಜಕುಮಾರಿಗೆ ಬೆನ್ನು ಮಾಡಿ, ಬಂಗಲೆಯ ಗೋಡೆಯನ್ನೇ ಬಹಳ ಭಯಭಕ್ತಿಯಿಂದ ನೋಡುತ್ತ ನಿಂತಿದ್ದರು.